ಇದು ಜಾಸ್ತೀನಾ, ಇದಾ?

ಫೆಬ್ರವರಿ ೪, ಭಾನುವಾರ

ಅಕ್ಕನ ಕಾಟ ತಡೆಯಲಾರದೆ ಇವತ್ತು ಹೋಗಿಬಂದೆ. ಇಲ್ಲದಿದ್ದರೆ ವಾರವಿಡೀ ಮೂತಿ ಊದಿಸಿಕೊಂಡಿರುತ್ತಿದ್ದಳು. ಎಲ್ಲಿಗೆ? ಕನ್ನಡಕದ ಅಂಗಡಿಗೆ. ಯಾಕೆ? ದೆವ್ವದ ಕಥೆ ಕೇಳುವುದಕ್ಕೆ! ಐವತ್ತರ ಹತ್ತಿರ ಬಂದ ಹೆಂಗಸು ನಾನು, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು, ಅರ್ಧ ಇಳಿಸಿದ ಷಟರಿನ ಕೆಳಗೆ ತಲೆ ಬಗ್ಗಿಸಿ ನುಗ್ಗಿ ಭೂತದ ಕಥೆ ಕೇಳಿಸಿಕೊಂಡು ಬಂದೆ. ಯಾರಾದರೂ ಕೇಳಿದರೆ ನಕ್ಕಾರು.

ಕಾರು ಕಲಿಸುವವಳು ಎಂದು ಬರೆದೆನಲ್ಲ, ಸದ್ಯಕ್ಕೆ ಅದೂ ಸುಳ್ಳು. ಡಿಸೆಂಬರಿನಲ್ಲಿ ಅಪಘಾತವಾದ ಮೇಲೆ ಕೌಂಟರಿನಲ್ಲಿ ಕೂತು ರಸೀದಿ ಹರಿದುಕೊಡುತ್ತಿದ್ದೇನೆ. ಮಂಡಿ ನೋವು. ಕಾರಿನಲ್ಲಿ ಕಾಲು ಮಡಿಸಿ ಕೂರಲಾಗುವುದಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಮಂಡಿಗೆ ಏನೂ ಆಗಿಲ್ಲ ಎನ್ನುತ್ತಾರೆ. ಮಂಡಿ ನನ್ನದೋ, ಅವರದೋ?

ಅಂಗಡಿಯ ಮೂರು ಗೋಡೆಗೂ ಕನ್ನಡಕಗಳು. ಹಿಂದೆ ಮುಖಗಳಿಲ್ಲದ ಅಷ್ಟೊಂದು ಗಾಜುಗಳು ನಮ್ಮನ್ನೇ ನೋಡುತ್ತಿದ್ದವು. ದೆವ್ವದ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಯಾರ ತಲೆಗೆ ಹೊಳೆದೀತು! ಕುರ್ಚಿಗಳ ಮೇಲೆ ಆರೇಳು ಜನ. ನನ್ನ ಪಕ್ಕ ಒಬ್ಬ ದೈತ್ಯ ಪಿ.ಟಿ. ಮೇಷ್ಟ್ರು, ದಪ್ಪ ಮೀಸೆ, ಮಡಿಲಲ್ಲಿ ಒಂದು ದಿಂಬು. ಹೆದರಿಕೆಯಾದಾಗ ಕಿವಿಗೆ ಒತ್ತಿಕೊಳ್ಳುವುದಕ್ಕಂತೆ. "ಶಾಲೇಲಿ ಹೆದರ್ಸಿ ಹೆದರ್ಸಿ ಸಾಕಾಗಿದೆ ಮೇಡಂ. ವಾರಕ್ಕೊಂದ್ಸಲ ಹೆದರೋಣ ಅಂತ ಬರ್ತೀನಿ" ಎಂದರು.

ಓದುವವರು ಅಂಗಡಿಯ ಯಜಮಾನರು. ಅಕ್ಕ, ನಾನು, ಎಲ್ಲರೂ ಅವರನ್ನು ಕನ್ನಡಕದವರು ಎನ್ನುವುದೇ ರೂಢಿ. ಸಣ್ಣ ಆಳು, ಅರವತ್ತು ದಾಟಿರಬೇಕು. ಹೆಂಡತಿ ಅವರನ್ನು ಕಾರಿನಲ್ಲಿ ಕರೆತಂದರು. ಎರಡು ಬೈಕುಗಳ ನಡುವಿನ ಸಂದಿಯಲ್ಲಿ ಆಕೆ ಒಂದೇ ಏಟಿಗೆ ಕಾರು ನಿಲ್ಲಿಸಿದ್ದನ್ನು ಕಂಡು ನನಗೆ ಹೊಟ್ಟೆ ತುಂಬಿದ ಹಾಗಾಯಿತು. ಗಂಡ ಪಕ್ಕದಲ್ಲಿ ಪುಸ್ತಕ ಎದೆಗವಚಿಕೊಂಡು ಕೂತಿದ್ದರು. ಅವರಿಗೆ ಓಡಿಸಲು ಬರುವುದಿಲ್ಲವಂತೆ.

ಅವರು ದನಿ ನಡುಗಿಸಿ ಹೂಂ ಹೂಂ ಎಂದು ಊಳಿಟ್ಟು ಓದುತ್ತಾರೆ ಎಂದುಕೊಂಡಿದ್ದೆ. ಎಲ್ಲಿ! ಕಣ್ಣು ಪರೀಕ್ಷೆಯ ಬೋರ್ಡಿನ ಅಕ್ಷರ ಓದಿದ ಹಾಗೆ ಸಪ್ಪಗೆ ಓದಿದರು. ಹೊಸದಾಗಿ ಬಾಡಿಗೆ ಮನೆಗೆ ಬಂದ ಗಂಡಹೆಂಡಿರ ಕಥೆ. ಮಲಗುವಾಗ ಎರಡು ಲೋಟ ತೊಳೆದು ಬೋರಲು ಹಾಕಿರುತ್ತಾರೆ, ಬೆಳಗ್ಗೆ ಎದ್ದರೆ ಮೂರು ಇರುತ್ತವೆ. ಅಷ್ಟೇ ಕಥೆ. ಮುಗಿದ ಮೇಲೆ ಒಂದು ವಾಕ್ಯವನ್ನು ಮತ್ತೆ ಓದಿದರು.

"ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ." ಸ್ವಲ್ಪ ತಡೆದು, "ಅಡುಗೆಮನೆಯಲ್ಲಿ ಈಗ ಯಾರೂ ಇರಲಿಲ್ಲ. ಇದು ಜಾಸ್ತೀನಾ, ಇದಾ?"

ಕಣ್ಣಿಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುತ್ತಾರಲ್ಲ, ಥೇಟ್ ಹಾಗೆ. ನಾನು ತಿರುಗಿ ಬೆನ್ನ ಹಿಂದೆ ನೋಡಿಕೊಂಡೆ. ಈಗ! ಎರಡೇ ಅಕ್ಷರ. ಅಂದರೆ ಸ್ವಲ್ಪ ಮುಂಚೆ ಇದ್ದರು!

ಇಲ್ಲಿ ಕಥೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಹಾಗಿಲ್ಲ. ಯಾವ ಪದದಲ್ಲಿ ಹೆದರಿದಿರಿ ಎಂದಷ್ಟೇ ಹೇಳಬೇಕು. ತಮ್ಮ ಮನೆಯ ಕಥೆ ಹೇಳುವುದಂತೂ ಪೂರ್ತಿ ನಿಷಿದ್ಧ. ಇದು ನನಗೆ ಬಹಳ ಹಿಡಿಸಿತು. ಹೋದಲ್ಲಿ ಬಂದಲ್ಲಿ "ಹೇಗಾಯ್ತು, ಏನಾಯ್ತು" ಎಂದು ಕೆದಕುವವರಿಂದ ನನ್ನ ತಲೆ ಚಿಟ್ಟು ಹಿಡಿದಿದೆ.

ಫೆಬ್ರವರಿ ೬, ಮಂಗಳವಾರ

ಓನರ್ ಒಳಗೆ ಕರೆದು ಕೂರಿಸಿದರು. ಕೂರಿಸಿ ಮಾತಾಡಿದರೆ ಒಳ್ಳೆಯ ಸುದ್ದಿಯಲ್ಲ ಎಂದು ಆಗಲೇ ಗೊತ್ತಾಯಿತು. ಒಂದನೇ ತಾರೀಖಿಗೆ ಹೊಸಬನೊಬ್ಬ ಬರುತ್ತಾನಂತೆ. "ನಿಮ್ ಬಿಳಿ ಕಾರು ಸುಮ್ನೆ ನಿಂತಿದೆ ಮೇಡಂ. ನೀವು ಮತ್ತೆ ಕೂರ್ತೀರಿ ಅಂದ್ರೆ ನಿಮ್ದೇ. ಇಲ್ಲಾಂದ್ರೆ ಅವನಿಗೆ ಕೊಡ್ಲೇಬೇಕಾಗುತ್ತೆ. ನಾನೂ ಸ್ಕೂಲ್ ನಡೆಸ್ಬೇಕಲ್ಲ."

ತಪ್ಪೇನಿಲ್ಲ ಅವರದು. ಆದರೂ ಹೊಟ್ಟೆ ಉರಿಯಿತು. ಸ್ಟೀರಿಂಗ್ ಹಿಡಿದರೆ ಅಳುವವರು, ಹಾರ್ನ್ ಕೇಳಿದರೆ ಕಣ್ಣು ಮುಚ್ಚುವವರು, ಬೇರೆ ಸ್ಕೂಲುಗಳಲ್ಲಿ ಬೈಸಿಕೊಂಡು ಓಡಿಬಂದವರು, ಎಲ್ಲರನ್ನೂ ನನ್ನ ತಲೆಗೇ ಕಟ್ಟುತ್ತಿದ್ದರು. ಬೆನ್ನ ಹಿಂದೆ ನನ್ನನ್ನು "ಪುಕ್ಕಲರ ಟೀಚರ್" ಎನ್ನುತ್ತಾರೆಂದು ಗೊತ್ತಿದೆ. ನನಗೆ ಅದು ಬಿರುದು. ಆ ಬಿಳಿ ಕಾರು ಹೋದರೆ ನಾನು ಇನ್ನು ಮುಂದೆ ರಸೀದಿ ಹರಿಯುವವಳು, ಅಷ್ಟೇ.

ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಕಾರಿನ ಬಾಗಿಲು ತೆಗೆದೆ. ಡೆಂಟು ತೆಗೆಸಿ ಹೊಸ ಸೀಟ್ ಕವರ್ ಹಾಕಿಸಿದ್ದಾರೆ. ಒಂದು ಕಾಲು ಒಳಗಿಟ್ಟೆ. ಮಂಡಿ ಬಹಳ ನೋಯಿತು. ಬಾಗಿಲು ಹಾಕಿ ಬಂದೆ.

ಫೆಬ್ರವರಿ ೧೧, ಭಾನುವಾರ

ಇವತ್ತು ಮರ್ಯಾದೆ ಹೋಯಿತು. ಹೊಲಿಗೆಯವಳೊಬ್ಬಳ ಕಥೆ. ಯಾರೋ ವಾರಕ್ಕೊಂದು ಅಂಗಿ ಹೊಲಿಯಲು ಚೀಟಿ ಕಳಿಸುತ್ತಾರೆ. ಅಳತೆ ಎಲ್ಲ ಅದೇ, ತೋಳು ಮಾತ್ರ ಪ್ರತಿಸಲ ಒಂದಿಷ್ಟು ಉದ್ದ. ಕೊನೆಗೆ ಅವಳು ಹೊಲಿದ ಅಂಗಿಯನ್ನು ತಾನೇ ಕೊಟ್ಟುಬರಲು ಆ ಮನೆಗೆ ಹೋಗುತ್ತಾಳೆ. ಕನ್ನಡಕದವರು ತಮ್ಮ ಸಪ್ಪೆ ದನಿಯಲ್ಲಿ "ಅವಳು ಮೆಟ್ಟಿಲು ಹತ್ತಿದಳು" ಎಂದರು ನೋಡಿ, ನನ್ನ ಕಾಲು ತನ್ನಷ್ಟಕ್ಕೆ ಬ್ರೇಕು ಒತ್ತಿತು. ಅಲ್ಲಿ ಬ್ರೇಕೆಲ್ಲಿ? ಪಿ.ಟಿ. ಮೇಷ್ಟ್ರ ಹೆಬ್ಬೆರಳಿತ್ತು. ಅವರು ಕಿರುಚಿದ ರಭಸಕ್ಕೆ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಕನ್ನಡಕದವರ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನು ಕ್ಷಮೆ ಕೇಳುತ್ತಿದ್ದರೆ ಕನ್ನಡಕದವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಯೋಚಿಸುತ್ತಿದ್ದರು. "ನೋಡಿ, ಹೆದರಿಕೆ ಬರೋದು ಮುಂದಿನ ವಾಕ್ಯದಲ್ಲಿ. ಇವರ ಕಾಲು ಒಂದು ವಾಕ್ಯ ಮೊದಲೇ ಒತ್ತಿದೆ. ಇಂಥ ಓದುಗರು ನನಗೆ ಇದುವರೆಗೆ ಸಿಕ್ಕಿಲ್ಲ" ಎಂದರು. ತಮಾಷೆಗಲ್ಲ, ನಿಜವಾಗಿ. ನಾಚಿಕೆಯೂ ಆಯಿತು, ಉಬ್ಬಿಯೂ ಹೋದೆ. ನನ್ನನ್ನು ಯಾರಾದರೂ ಹೊಗಳಿ ಎಷ್ಟು ದಿನವಾಗಿತ್ತೋ.

ಮುಂದಿನ ವಾಕ್ಯವನ್ನೂ ಅವರು ಎರಡು ಸಲ ಓದಿದರು. "ಬಾಗಿಲು ತೆರೆದಿತ್ತು. ಬಾಗಿಲು ತೆರೆದೇ ಇತ್ತು. ಇದು ಜಾಸ್ತೀನಾ, ಇದಾ?" ಎಲ್ಲರೂ ಒಟ್ಟಿಗೆ ಎರಡನೆಯದು ಎಂದೆವು. ಒಂದು ಏಕಾರ ಸೇರಿಸಿದರೆ ಸಾಕು, ಬಾಗಿಲು ಅಷ್ಟು ಹೊತ್ತಿನಿಂದ ಅವಳಿಗಾಗಿ ಕಾಯುತ್ತಿತ್ತು ಎಂದಾಗುತ್ತದೆ. ಹುಟ್ಟಿದಾಗಿನಿಂದ ಈ ಭಾಷೆ ಆಡುತ್ತಿದ್ದೇನೆ, ಇದನ್ನು ಯಾರೂ ನನಗೆ ತೋರಿಸಿರಲಿಲ್ಲ. ಎಂಥ ಕಿವಿಯಪ್ಪಾ ಈ ಮನುಷ್ಯನದು! ಕಣ್ಣಿನ ಅಂಗಡಿ ಇಟ್ಟುಕೊಂಡು ಕಿವಿಯಲ್ಲಿ ಬದುಕುತ್ತಾರೆ.

ಫೆಬ್ರವರಿ ೧೪, ಬುಧವಾರ

ರಸೀದಿ, ರಸೀದಿ, ರಸೀದಿ. ಅಕ್ಕ ಹೇಳಿದ್ದನ್ನೆಲ್ಲ ಈಗ ಏಕಾರ ಹಿಡಿದು ಕೇಳುತ್ತಿದ್ದೇನೆ. "ಹಾಲು ಉಕ್ಕೇ ಹೋಯ್ತು" ಎಂದಳು ಬೆಳಗ್ಗೆ. ಭಯಾನಕ.

ಫೆಬ್ರವರಿ ೧೮, ಭಾನುವಾರ

ಕನ್ನಡಕದವರು ಇವತ್ತು ಪುಸ್ತಕವನ್ನು ನನ್ನ ಕೈಗಿತ್ತರು. ಬೇಡ ಬೇಡ ಎಂದರೂ ಕೇಳಲಿಲ್ಲ. ಓದುವ ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೆ. ಗೋಡೆ ತುಂಬ ಕನ್ನಡಕ ಇರುವಾಗ ಹಾಗೆಂದು ಹೇಳಲು ನಾಚಿಕೆಯಾಗಿ ಸುಮ್ಮನೆ ಕಣ್ಣು ಕಿರಿದು ಮಾಡಿಕೊಂಡು ಓದಿದೆ. ಮಕ್ಕಳ ಹಾಜರಿ ಕೂಗುವ ಟೀಚರೊಬ್ಬಳ ಕಥೆ. ಅದರಲ್ಲಿ "ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ" ಎಂದಿತ್ತು. ನಾನು ಓದಿದ್ದು: "ಹಿಂದಿನ ಬೆಂಚಿನಲ್ಲಿ ಯಾರೋ ಇರಲಿಲ್ಲ."

ತಪ್ಪಾಯಿತೆಂದು ತಿದ್ದಿ ಓದಲು ಹೊರಟರೆ ಕನ್ನಡಕದವರು ಕೈ ಎತ್ತಿ ತಡೆದರು.

"ಯಾರೋ ಇರಲಿಲ್ಲ" ಎಂದು ಬಾಯೊಳಗೇ ಹೇಳಿಕೊಂಡರು. "ಯಾರೋ ಒಬ್ರು ಅಲ್ಲಿ ಇರ್ಬೇಕಿತ್ತು. ಇಲ್ಲ. ಯಾರು ಅಂತ ನಮಗೆ ಗೊತ್ತಿಲ್ಲ. ಆದ್ರೆ ಇಲ್ಲ ಅನ್ನೋದು ಗೊತ್ತು."

"ನಿಲ್ಸಿ ಸಾರ್! ನಾಳೆ ನಾನು ಹಾಜರಿ ಕೂಗ್ಬೇಕು" ಎಂದು ಪಿ.ಟಿ. ಮೇಷ್ಟ್ರು ದಿಂಬಿನೊಳಗೆ ಮುಖ ಹುದುಗಿಸಿದರು.

"ಇದು ಜಾಸ್ತಿ" ಎಂದರು ಕನ್ನಡಕದವರು. ಪೆನ್ಸಿಲು ತೆಗೆದು ಅಚ್ಚಾದ ಪುಸ್ತಕದಲ್ಲೇ ಊಕಾರ ಹೊಡೆದು ಓಕಾರ ಬರೆದರು. ಬರೆದವರು ನೋಡಿದರೆ ಏನೆಂದಾರೋ! ಇಷ್ಟು ಓದಿಕೊಂಡವರು, ನನ್ನಂಥವಳ ತಪ್ಪಿಗೂ ಕಿವಿಗೊಟ್ಟು ಅದರಲ್ಲಿ ಏನಿದೆ ಎಂದು ನೋಡುತ್ತಾರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಕಲಿಸುವವರು ಹೀಗಿರಬೇಕು. ನಾನು ಕಲಿಸುವಾಗ ಹೀಗಿದ್ದೆನೋ ಇಲ್ಲವೋ.

ಹೊರಡುವಾಗ ಅವರ ಹೆಂಡತಿ ಕಾರು ತೆಗೆಯುವಾಗ ಚಕ್ರವನ್ನು ಫುಟ್‌ಪಾತಿಗೆ ಹತ್ತಿಸಿದರು. ಅವರಿಗಿದು ತಕ್ಕದ್ದಲ್ಲ.

ಫೆಬ್ರವರಿ ೨೦, ಮಂಗಳವಾರ

ಮಾಡಲು ಕೆಲಸವಿಲ್ಲದೆ ಒಂದು ಆಟ ಆಡಿದೆ. ಡಿಸೆಂಬರಿನ ಆ ಅಪಘಾತವನ್ನು ಕನ್ನಡಕದವರ ಹಾಗೆ ಬರೆದು ನೋಡಿದೆ.

ಹಿಂದಿನಿಂದ ಲಾರಿ ಬಂದು ಗುದ್ದಿತು.

ಏನೂ ಆಗಲಿಲ್ಲ. ಪೊಲೀಸರಿಗೆ, ವಿಮೆಯವರಿಗೆ, ಅಕ್ಕನ ಸ್ನೇಹಿತೆಯರಿಗೆ ಹೇಳಿ ಹೇಳಿ ಸವೆದ ವಾಕ್ಯ.

ಹುಡುಗಿ ಕಿರುಚಿದಳು.

ಇದೂ ಅಲ್ಲ. ಕಲಿಯುತ್ತಿದ್ದ ಆ ಬ್ಯಾಂಕಿನ ಹುಡುಗಿಗೆ ಹಣೆಯಲ್ಲಿ ಒಂದು ಗೀರು, ಅಷ್ಟೇ. ಈಗ ಬೇರೆಯವರ ಹತ್ತಿರ ಕಲಿತು ತಾನೇ ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ, ಪುಣ್ಯಾತ್ಗಿತ್ತಿ.

ನಾವು ಸಿಗ್ನಲ್ಲಿನಲ್ಲಿ ನಿಂತಿದ್ದೆವು.

ಕೈ ತಡೆಯಿತು.

ನಾವು ನಿಂತೇ ಇದ್ದೆವು.

ಇದು. ಇದೇ ಜಾಸ್ತಿ. ಬರೆದು ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ತಪ್ಪು ಮಾಡಿದ್ದರೆ ತಿದ್ದಿಕೊಳ್ಳಬಹುದಿತ್ತು. ಬ್ರೇಕಿನ ಮೇಲೆ ಹುಡುಗಿಯ ಕಾಲಿತ್ತು, ನನ್ನ ಕಡೆಯ ಬ್ರೇಕಿನ ಮೇಲೆ ನನ್ನ ಕಾಲಿತ್ತು, ಗೆರೆ ದಾಟಿರಲಿಲ್ಲ, ಎಲ್ಲ ಸರಿಯಾಗಿತ್ತು. ನೀವು ಸರಿಯಾಗಿ ಓಡಿಸಿ, ಏನೂ ಆಗಲ್ಲ ಎಂದು ಅಷ್ಟು ಜನ ಪುಕ್ಕಲರಿಗೆ ಎದೆ ತಟ್ಟಿ ಹೇಳಿದವಳು ನಾನು. ಇನ್ನು ಯಾವ ಬಾಯಲ್ಲಿ ಹೇಳಲಿ? ನನಗೆ ಹೆದರಿಕೆಯಾಗುತ್ತದೆ. ಕಾರಿಗಲ್ಲ, ಓಡುವುದಕ್ಕಲ್ಲ. ನಿಂತುಕೊಂಡಿರುವುದಕ್ಕೆ.

ಬರೆದದ್ದರಿಂದ ಏನೂ ಉಪಕಾರವಾಗಲಿಲ್ಲ. ಊಟವೂ ಸೇರಲಿಲ್ಲ.

ಫೆಬ್ರವರಿ ೨೫, ಭಾನುವಾರ

ಕನ್ನಡಕದವರು ಗಂಡಹೆಂಡಿರು ಇವತ್ತು ಬಸ್ಸಿನಲ್ಲಿ ಬಂದರು. ಆಕೆ ಅವರ ತೋಳು ಹಿಡಿದುಕೊಂಡಿದ್ದರು. ಕನ್ನಡಕದವರು ಷಟರು ಇಳಿಸಿ, ಪುಸ್ತಕ ತೆಗೆದು, ಮತ್ತೆ ಮುಚ್ಚಿದರು. ಆಮೇಲೆ ಹೇಳಿದರು: "ಇವಳ ಕಣ್ಣಿನ ನಡುಭಾಗ ಹೋಗ್ತಿದೆ. ಸುತ್ತ ಕಾಣುತ್ತೆ, ಎದುರಿರೋದು ಕಾಣಲ್ಲ. ಇನ್ನು ಓಡಿಸ್ಬಾರದು ಅಂದ್ರು ಡಾಕ್ಟ್ರು. ಊರಿಗೆಲ್ಲ ಗಾಜು ಹಾಕ್ದೆ. ಇವಳಿಗೆ ಹಾಕೋ ಗಾಜು ನನ್ನ ಅಂಗಡೀಲಿಲ್ಲ." ತಕ್ಷಣ, "ಕ್ಷಮಿಸಿ, ಮನೆ ಕಥೆ ಹೇಳ್ಬಿಟ್ಟೆ" ಎಂದರು.

ಪಿ.ಟಿ. ಮೇಷ್ಟ್ರು ದಿಂಬನ್ನು ಆಕೆಯ ಬೆನ್ನಿಗಿಟ್ಟರು. ಆಕೆಯೇ ನಕ್ಕು, "ಏನ್ರೀ ಎಲ್ರೂ ಹೀಗೆ ಕೂತ್ರಿ? ಇನ್ಮೇಲೆ ದೆವ್ವ ಎದುರಿಗೆ ಬಂದ್ರೂ ನನಗೆ ಕಾಣಲ್ಲ. ಕೂರ್ಸಿ ಟೀ ಕೊಟ್ಟು ಕಳಿಸ್ತೀನಿ. ಓದಿ ನೀವು" ಎಂದರು.

ಅವರು ಓದಿದರು. ಅದೇ ಸಪ್ಪೆ ದನಿ, ಒಂದು ಅಕ್ಷರ ಅಲುಗಲಿಲ್ಲ. ಆ ದನಿಯನ್ನು ಹಾಗೆ ನೆಟ್ಟಗೆ ಹಿಡಿಯುವುದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು ಎಂದು ಇವತ್ತು ಗೊತ್ತಾಯಿತು. ಕಥೆ ಯಾವುದೆಂದು ನನಗೆ ನೆನಪಿಲ್ಲ. ಅವರನ್ನೇ ನೋಡುತ್ತ ಕೂತಿದ್ದೆ.

ಫೆಬ್ರವರಿ ೨೭, ಮಂಗಳವಾರ

ನಾಳಿದ್ದು ಒಂದನೇ ತಾರೀಖು. ಆಗುವುದಿಲ್ಲ ಎಂದು ಓನರಿಗೆ ಹೇಳಿಬಿಟ್ಟೆ. "ಸರಿ ಮೇಡಂ" ಎಂದರು. ಬೇರೆ ಏನು ಹೇಳಿಯಾರು? ಅಕ್ಕನಿಗೆ ಹೇಳಿಲ್ಲ.

ಮಾರ್ಚ್ ೧, ಗುರುವಾರ

ಅಬ್ಬಬ್ಬಾ! ಎಂಥ ದಿನ. ಗಂಟಲು ಕೂತುಹೋಗಿದೆ.

ಬೆಳಗ್ಗೆ ಹೊಸಬ ಬರಲಿಲ್ಲ. ಬಸ್ಸು ಕೆಟ್ಟು ನಿಂತಿದೆಯಂತೆ, ತಡವಾಗುತ್ತದಂತೆ. ಮೊದಲ ಕ್ಲಾಸಿನವರು ಬಿಳಿ ಕಾರಿನ ಹತ್ತಿರ ಆಗಲೇ ಕಾಯುತ್ತಿದ್ದಾರೆ, ನಾಳೆ ಬರಲು ಹೇಳಿ ಕಳಿಸಿ ಎಂದರು ಓನರ್. ಕಳಿಸೋಣವೆಂದು ಹೋದರೆ ಡ್ರೈವರ್ ಸೀಟಿನಲ್ಲಿ ಕೂತಿರುವವರು ಯಾರು? ಕನ್ನಡಕದವರು! ಗೇಟಿನ ಪಕ್ಕದ ಬೆಂಚಿನ ಮೇಲೆ ಅವರ ಹೆಂಡತಿ. ಈ ಮಹಾಶಯರು ಸೀಟ್ ಬೆಲ್ಟನ್ನು ಎಳೆದು ನನ್ನ ಕಡೆಯ ಕೊಂಡಿಗೆ ಸಿಕ್ಕಿಸಿಕೊಂಡು, ಗಾಜು ಒರೆಸುವ ಮೆತ್ತನೆ ಬಟ್ಟೆಯಿಂದ ಕಾರಿನ ಕನ್ನಡಿಯನ್ನು ಉಜ್ಜುತ್ತಿದ್ದರು. ಮುಖದಲ್ಲಿ ರಕ್ತವಿಲ್ಲ.

"ಮೇಡಂ, ನೀವಾ? ಸದ್ಯ! ಇವಳನ್ನ ನಾನೇ ಕರ್ಕೊಂಡು ಓಡಾಡ್ಬೇಕಲ್ಲ, ಅದಕ್ಕೆ ಸೇರ್ಕೊಂಡೆ. ನನಗೆ ಭಯ ಆಗ್ತಿದೆ. ಇಲ್ಲಿ" ಎಂದು ಹೊಟ್ಟೆ ಮುಟ್ಟಿ ತೋರಿಸಿದರು. ಎಷ್ಟು ನೇರವಾಗಿ ಹೇಳಿಬಿಟ್ಟರು! ಭಯವನ್ನು ಬಲ್ಲ ಮನುಷ್ಯ.

ನಾಳೆ ಬನ್ನಿ ಸಾರ್ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೇರಿನಲ್ಲಿರುವಾಗಲೇ ಕೀ ತಿರುಗಿಸಿಬಿಟ್ಟರು. ಕಾರು ಕಪ್ಪೆಯ ಹಾಗೆ ಎಗರಿತು. "ಅಯ್ಯೋ, ಬಿಡ್ರೀ!" ಎಂದು ಬಾಗಿಲು ಎಳೆದು ತೆಗೆದು ಒಳಗೆ ಕೂತು ಗೇರು ಬಿಡಿಸಿದೆ. ಬೆಲ್ಟು ಬಿಚ್ಚಿ ಸರಿಯಾಗಿ ಹಾಕಿದೆ. ಸೀಟು ಮುಂದಕ್ಕೆ ಎಳೆಸಿದೆ. ಬಿಟ್ಟುಹೋದರೆ ಗೋಡೆ ಒಡೆಯುವ ಆಸಾಮಿ. ಮೈದಾನದಲ್ಲಿ ಎರಡು ಸುತ್ತು ಹಾಕಿಸಿದೆ. ಮೂರನೆಯದಕ್ಕೆ ರಸ್ತೆಗೆ ಇಳಿಸಿದೆ.

ಸಿಗ್ನಲ್ಲಿನ ತನಕ ಚೆನ್ನಾಗಿಯೇ ಬಂದರು. ಕೆಂಪು ಬಿತ್ತು, ನಿಂತೆವು. ಹಸಿರು ಬಿದ್ದಾಗ ಕ್ಲಚ್ಚನ್ನು ಪಟ್ಟನೆ ಬಿಟ್ಟರು. ಇಂಜಿನ್ನು ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದೆ ಒಂದು ಲಾರಿ. ಇವರು ಅಷ್ಟು ಚೆನ್ನಾಗಿ ಒರೆಸಿಟ್ಟ ಪುಣ್ಯಕ್ಕೆ ಕನ್ನಡಿಯ ತುಂಬ ಬರೀ ಲಾರಿ. ಅದರ ಮೂತಿಯ ಮೇಲಿನ ತುಕ್ಕು, ಸತ್ತ ಹುಳುಗಳು ಎಲ್ಲ ಕಾಣುತ್ತಿದ್ದವು. ಲಾರಿಯವನು ಹಾರ್ನ್ ಹೊಡೆದ ನೋಡಿ, ನನ್ನ ಜೀವ ಬಾಯಿಗೆ ಬಂತು. ಇಳಿದು ಓಡೋಣವೆಂದು ಬಾಗಿಲಿನ ಹಿಡಿಗೆ ಕೈ ಹೋಯಿತು.

ಕನ್ನಡಕದವರು ಸ್ಟೀರಿಂಗಿನಿಂದ ಎರಡೂ ಕೈ ತೆಗೆದುಬಿಟ್ಟರು. "ಮೇಡಂ, ಅವನು ಬಂದು ಗುದ್ದಿದ್ರೆ?"

ನಾನು ಇವರಿಗೆ ಏನೂ ಆಗಲ್ಲ ಬಿಡಿ ಎನ್ನಬೇಕಿತ್ತು. ಎಲ್ಲರಿಗೂ ಹಾಗೇ ಹೇಳುತ್ತಿದ್ದದ್ದು. ಇವತ್ತು ಬಾಯಿಗೆ ಬಂದದ್ದೇ ಬೇರೆ. "ಗುದ್ದಿದ್ರೂ ಗುದ್ದಬಹುದು ಸಾರ್. ಅದು ನಮ್ಮ ಕೈಲಿಲ್ಲ. ಅವನ ಬ್ರೇಕು ಅವನ ಕಾಲ ಕೆಳಗಿದೆ, ಅವನ ಕೆಲಸ ಅವನು ಮಾಡ್ತಾನೆ. ಹಾರ್ನ್ ಹೊಡೀತಿದಾನೆ ಅಂದ್ರೆ ನಾವು ಅವನಿಗೆ ಕಂಡಿದೀವಿ ಅಂತ ಅರ್ಥ. ನಿಮ್ಮ ಕಾಲ ಕೆಳಗಿರೋದು ಕ್ಲಚ್ಚು. ಅದನ್ನ ಒತ್ತಿ. ಒತ್ತ್ರೀ! ಪೂರ್ತಿ!"

ಒತ್ತಿದರು. "ಈಗ ಒಂದೊಂದೇ ಅಕ್ಷರ ಓದಿದ ಹಾಗೆ ಬಿಡಿ." ಬಿಟ್ಟರು. ಹೊರಟಿತು! ಲಾರಿಯವನು ಪಕ್ಕದಲ್ಲಿ ದಾಟುವಾಗ ಕೈ ಬೀಸಿ ನಕ್ಕು ಹೋದ. ಕನ್ನಡಕದವರು ಬೆವರು ಒರೆಸಿಕೊಳ್ಳುವುದನ್ನೂ ಮರೆತು, "ಇನ್ನೊಂದ್ಸಲ ಅದೇ ಸಿಗ್ನಲ್ಲಿಗೆ ಹೋಗೋಣ್ವಾ ಮೇಡಂ? ನಿಂತು ಹೊರಡೋದೇ ನನಗೆ ಸರಿಯಾಗಿ ಬರ್ತಿಲ್ಲ" ಎಂದರು. ಇಂಥ ಶಿಷ್ಯ ಯಾರಿಗೆ ಸಿಗುತ್ತಾನೆ? ಬೇರೆಯವರಾಗಿದ್ದರೆ ಮನೆ ಸೇರುತ್ತಿದ್ದರು. ನಾಲ್ಕೈದು ಸಲ ಹೋದೆವು. ನಿಂತೆವು, ಹೊರಟೆವು. ಹಿಂದೆ ಬಸ್ಸು, ವ್ಯಾನು, ಒಂದು ಸಿಮೆಂಟು ಲಾರಿಯೂ ಬಂತು. ಇವರ ಕ್ಲಚ್ಚಿನ ಕಾಲು ಕಾಯುವುದರಲ್ಲೇ ನನಗೆ ಸಾಕುಸಾಕಾಯಿತು. ಕನ್ನಡಿ ನೋಡಲು ಪುರುಸೊತ್ತೆಲ್ಲಿ?

ವಾಪಸು ಬಂದಾಗ ಬೆಂಚಿನಿಂದ ಅವರ ಹೆಂಡತಿ ಎದ್ದು ನಿಂತು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ನೋಡುತ್ತ, "ಯಾರ್ರೀ ಓಡಿಸ್ಕೊಂಡು ಬಂದಿದ್ದು?" ಎಂದು ಕೂಗಿದರು. ಇವರು ಕಿಟಕಿಯಿಂದ ತಲೆ ಹಾಕಿ, "ನಾನು ಕಣೇ!" ಎಂದರು. ವರ್ಷಗಟ್ಟಲೆ ಸಪ್ಪಗೆ ಓದಿದ ಮನುಷ್ಯ, ದನಿ ಒಡೆದುಹೋಯಿತು. ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಆ ಖುಷಿಯಲ್ಲಿ ಇವರು ಕಾರನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಇಳಿದೇ ಹೋದರು. ಇನ್ನು ಯಾರು ಒಳಗೆ ತರಬೇಕು? ನಾನೇ ಆಚೆ ಸೀಟಿಗೆ ಸರಿದು, ಹಿಂದೆ ಮುಂದೆ ಮಾಡಿ, ತಂದು ನಿಲ್ಲಿಸಿದೆ.

ಹೊಸ ಹುಡುಗ ಅಷ್ಟರಲ್ಲಿ ಬಂದಿದ್ದ, ಓನರ್ ಪಕ್ಕ ನಿಂತಿದ್ದ. ಓನರ್ ನನ್ನನ್ನೂ ಕಾರನ್ನೂ ನೋಡಿ, "ಮೇಡಂ, ಕೀ... ಇವರಿಗೆ..." ಎಂದು ರಾಗ ಎಳೆದರು.

"ಇವರಿಗೆ ಯಾಕೆ? ನಾಳೆ ಬೆಳಗ್ಗೆ ನನಗೆ ಕ್ಲಾಸಿದೆಯಲ್ಲ ಸಾರ್" ಎಂದೆ. ಆ ಹುಡುಗನಿಗೆ ಸ್ಕೂಲಿನ ಇನ್ನೊಂದು ಕಾರು, ಆ ಹಳೆಯ ಕೆಂಪು ಕಾರು ಕೊಡಲಿ, ವಯಸ್ಸಿನವನು, ಅದರ ಗಟ್ಟಿ ಸ್ಟೀರಿಂಗು ತಿರುಗಿಸುತ್ತಾನೆ. ಓನರ್ ಬಾಯಿ ತೆರೆದುಕೊಂಡು ನಿಂತುಬಿಟ್ಟರು, ಯಾಕೋ.

ಮನೆಗೆ ಬಂದು ಅಕ್ಕನಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬರೀ ಅವರ ಕ್ಲಚ್ಚಿನದೇ ಕಥೆ. ಅವಳು ನನ್ನ ತಲೆ ಸವರಿ ಒಳಗೆ ಹೋದಳು, ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿದೆ. ಏನಾಯಿತೋ ಅವಳಿಗೆ, ಬರೆದು ಮುಗಿಸಿ ಕೇಳಬೇಕು. ಕೀ ಇನ್ನೂ ನನ್ನ ಕೈಯಲ್ಲೇ ಇದೆ, ಪೆನ್ನು ಹಿಡಿಯಲು ಅಡ್ಡ ಬರುತ್ತಿದೆ.